ಹಗ್ಗದ ಇನ್ನೊಂದು ತುದಿ

ಬೆಟ್ಟವೂ ಯುದ್ಧದ ವಾರ್ತೆಯೂ ದೂರದಿಂದಲೇ ರಮ್ಯವೆಂದು ಸಂಸ್ಕೃತದ ಹಳೆಯ ಸುಭಾಷಿತವೊಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ನಮ್ಮ ಕನ್ನಡದ ಗಾದೆ ಬೆಟ್ಟವನ್ನಷ್ಟೇ ಉಳಿಸಿಕೊಂಡು ಯುದ್ಧವನ್ನು ಕೈಬಿಟ್ಟಿದೆ. ಕೈಬಿಡಬಾರದಾಗಿತ್ತೆಂದು ಈ ಕೆಲವು ವರ್ಷಗಳ ವಿದ್ಯಮಾನವನ್ನು ನೋಡಿದವರಿಗೆ ತೋರದಿರದು. ಬೆಟ್ಟವನ್ನು ಹತ್ತಿರದಿಂದ ಬಲ್ಲವರು ಯುದ್ಧವನ್ನು ಕುರಿತು ಹೇಗೆ ಮಾತನಾಡುತ್ತಾರೆ, ಚುನಾವಣೆಯನ್ನು ಕುರಿತು ಹೇಗೆ ಮಾತನಾಡುತ್ತಾರೆ ಎಂಬುದು ವಿಚಾರಯೋಗ್ಯವಾದ ಸಂಗತಿ. ಪ್ರಕೃತ ಲೇಖನದ ವಿಷಯ ಅದೇ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಹತ್ತುವುದೆಂದರೆ ಮರ ಹತ್ತುವುದು. ಅದು ಹೊಟ್ಟೆಪಾಡಿನ ಕೆಲಸ. ಬಿದ್ದವನ ಸೊಂಟ ಮುರಿದರೆ ಸಂಸಾರವೇ ಮುರಿಯಿತು. ಆದುದರಿಂದ ಹಣ ತೆತ್ತು ಹಗ್ಗ ಕೊಂಡು, ಭಾನುವಾರದ ವಿರಾಮವನ್ನು ವ್ಯಯಿಸಿ, ತುದಿಯಲ್ಲಿ ಒಂದು ಕಾಯಿಯೂ ಇಲ್ಲದ ಬೋಳು ಬಂಡೆಯನ್ನು ಹತ್ತುವವರ ಸುದ್ದಿ ಕೇಳಿದರೆ ನಮ್ಮ ಹಿರಿಯರಿಗೆ ನಗು ಬರುತ್ತದೆ. ನಗಲಿ. ಆದರೆ ಬೆಂಗಳೂರಿನಲ್ಲಿ ದುಡಿಯುವ ನಮ್ಮ ಊರುಗಳ ಮಕ್ಕಳಲ್ಲಿ ಕೆಲವರು ಈ ಗೀಳಿಗೆ ಬಿದ್ದಿರುವುದು ನಿಜ. ಸಾವನದುರ್ಗ, ರಾಮನಗರ, ಮಧುಗಿರಿಗಳ ಕರಿಗಲ್ಲೂ ಬಾದಾಮಿಯ ಕೆಂಪು ಮರಳುಗಲ್ಲೂ ಅವರ ವಿಹಾರಭೂಮಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಈ ವಿದ್ಯೆಗೆ ಮೊದಲ ಬಾರಿಗೆ ಪಂಕ್ತಿಯೂ ದೊರೆಯಿತು.

ನನ್ನ ಹಳೆಯ ವಿದ್ಯಾರ್ಥಿಗಳಾದ ಇಂಥ ಮೂವರೊಡನೆ ಮಧುಗಿರಿಯ ಹೊರವಲಯದ ಬಂಡೆಯೊಂದರ ಬುಡದಲ್ಲಿ ಒಂದು ದಿನವನ್ನು ಕಳೆದೆ. ಹತ್ತಲು ಹೋದವನಲ್ಲ, ನೆರಳಿನಲ್ಲಿ ಕುಳಿತು ಕೇಳಲು ಹೋದವನು. ಒಬ್ಬ ತಿಪಟೂರಿನವನು, ಇನ್ನೊಬ್ಬ ತುರುವೇಕೆರೆಯವನು, ಮೂರನೆಯವಳು ಚಿಕ್ಕನಾಯಕನಹಳ್ಳಿಯವಳು. ಮೂವರ ರಾಜಕೀಯವೂ ಮೂರು ದಿಕ್ಕು. ತುರುವೇಕೆರೆಯವನ ತಮ್ಮ ಅಗ್ನಿವೀರನಾಗಿ ಸೈನ್ಯದಲ್ಲಿದ್ದಾನೆ. ಅಗ್ನಿಪಥ ಯೋಜನೆ ಸೈನ್ಯವನ್ನು ತರುಣವಾಗಿ ಇರಿಸುತ್ತದೆ, ಪಿಂಚಣಿಗೆ ಹೋಗುವ ಹಣ ಆಯುಧಕ್ಕೆ ಉಳಿಯುತ್ತದೆ ಎಂದು ತಿಪಟೂರಿನವನ ವಾದ. ನಾಲ್ಕು ವರ್ಷ ದುಡಿಸಿಕೊಂಡು ನೂರಕ್ಕೆ ಇಪ್ಪತ್ತೈದು ಮಂದಿಯನ್ನಷ್ಟೇ ಉಳಿಸಿಕೊಂಡು ಮಿಕ್ಕವರನ್ನು ಮನೆಗೆ ಕಳಿಸುವುದು ನ್ಯಾಯವೇ ಎಂದು ಚಿಕ್ಕನಾಯಕನಹಳ್ಳಿಯವಳ ಪ್ರಶ್ನೆ. ವಾದ ಏರುತ್ತಿತ್ತು. ಅಷ್ಟರಲ್ಲಿ ತಿಪಟೂರಿನವನು ಹಗ್ಗವನ್ನು ಸೊಂಟದ ಪಟ್ಟಿಗೆ ಬಿಗಿದುಕೊಂಡು ಬಂಡೆಯ ಮುಂದೆ ನಿಂತ. "ತಡಿಯೋ, ಗಂಟು ನೋಡ್ತೀನಿ" ಎಂದು ಅವಳು ಎದ್ದು ಅವನ ಗಂಟನ್ನು ತಿರುಗಿಸಿ ನೋಡಿದಳು. ಅವನೂ ಅವಳ ಕೈಯಲ್ಲಿದ್ದ ಉಪಕರಣವನ್ನು ಎಳೆದು ನೋಡಿದ. ಮುಂದಿನ ಇಪ್ಪತ್ತು ನಿಮಿಷ ರಾಜಕೀಯದ ಸೊಲ್ಲೇ ಇಲ್ಲ. "ಎಡಗಾಲು ಇನ್ನೂ ಮೇಲಕ್ಕೆ", "ಹಗ್ಗ ಬಿಡು", "ಬಿಗಿ ಮಾಡು", ಇಷ್ಟೇ ಮಾತು. ಅವನು ಇಳಿದು ನೀರು ಕುಡಿದ ಮೇಲೆ ಬಿಟ್ಟಲ್ಲಿಂದಲೇ ವಾದ ಮತ್ತೆ ಮೊದಲಾಯಿತು. ಆದರೆ ದನಿ ಮಾತ್ರ ಇಳಿದಿತ್ತು.

ಇದರ ಮರ್ಮವನ್ನು ತಿಳಿಯಬೇಕಾದರೆ ಆ ವಿದ್ಯೆಯ ವಿಧಾನವನ್ನು ಸ್ವಲ್ಪ ಅರಿಯಬೇಕು. ಮುಂದೆ ಹತ್ತುವವನು ಹಗ್ಗದ ಒಂದು ತುದಿಗೆ ತನ್ನನ್ನು ಕಟ್ಟಿಕೊಳ್ಳುತ್ತಾನೆ. ಏರುತ್ತ ಹೋದಂತೆ ಬಂಡೆಗೆ ಬಡಿದಿರುವ ಬೋಲ್ಟುಗಳಿಗೆ ಹಗ್ಗವನ್ನು ಕೊಂಡಿಯಿಂದ ಸಿಕ್ಕಿಸುತ್ತಾನೆ. ಕೆಳಗೆ ನಿಂತ ಜೊತೆಗಾರನು ಒಂದು ಸಣ್ಣ ಉಪಕರಣದ ಮೂಲಕ ಹಗ್ಗವನ್ನು ಹಿಡಿದಿರುತ್ತಾನೆ. ಇದಕ್ಕೆ ಬಿಲೇ ಎಂದು ಹೆಸರು. ಕೊನೆಯ ಕೊಂಡಿಗಿಂತ ಆರು ಅಡಿ ಮೇಲಿದ್ದವನು ಜಾರಿದರೆ ಆರು ಅಡಿ ಬಿದ್ದು ಕೊಂಡಿಯ ಮಟ್ಟಕ್ಕೆ ಬರುತ್ತಾನೆ, ಇನ್ನೂ ಆರು ಅಡಿ ಬಿದ್ದ ಮೇಲೆ ಹಗ್ಗ ಬಿಗಿಯುತ್ತದೆ; ಹಗ್ಗದ ಹಿಗ್ಗು ಬೇರೆ. ಅಂದರೆ ತಪ್ಪು ಆರು ಅಡಿಯದಾದರೆ ದಂಡ ಹನ್ನೆರಡು ಅಡಿಗೂ ಮಿಗಿಲು. ಅದನ್ನು ಅಲ್ಲಿಗೇ ನಿಲ್ಲಿಸುವುದು ಕೆಳಗಿನವನ ಕೈ. ಆ ಕೈ ಯಾವ ಪಕ್ಷಕ್ಕೆ ಮತ ಹಾಕಿತು ಎಂಬುದನ್ನು ಯಾರೂ ಕೇಳುವುದಿಲ್ಲ; ಅದು ಎಚ್ಚರವಾಗಿದೆಯೇ ಎಂಬುದೊಂದೇ ಪ್ರಶ್ನೆ. ಗಂಟನ್ನು ಪರೀಕ್ಷಿಸಿದರೆ ಅಪನಂಬಿಕೆಯೆಂದು ಅಲ್ಲಿ ಯಾರೂ ಮುನಿಯುವುದಿಲ್ಲ. ಪರೀಕ್ಷಿಸದೆ ಬಿಟ್ಟವನೇ ಅಲ್ಲಿ ದ್ರೋಹಿ. ಅರ್ಧ ದಾರಿಯಲ್ಲಿ ಮೋಡ ಕವಿದರೆ, ಹೆಜ್ಜೇನು ಎದ್ದರೆ, ಇಳಿದು ಬರುವವನನ್ನು ಹೇಡಿಯೆನ್ನುವ ಪದ್ಧತಿಯೂ ಇಲ್ಲ.

ಬಂಡೆಗೂ ಯುದ್ಧನೀತಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಮ್ಮ ನಾಡಿನ ಚರಿತ್ರೆಯಲ್ಲಿಯೇ ಅದಕ್ಕೆ ಉತ್ತರವಿದೆ. ಇಂದು ಭಾನುವಾರದ ಆಟದ ಬಯಲಾಗಿರುವ ಸಾವನದುರ್ಗವು ಟಿಪ್ಪುವಿನ ಕಾಲದಲ್ಲಿ ಅಭೇದ್ಯವೆನಿಸಿದ್ದ ಕೋಟೆ. ಕಾರ್ನ್‌ವಾಲಿಸನ ಸೈನ್ಯ ಅದನ್ನು 1791ರ ಡಿಸೆಂಬರ್ 21ರಂದು ಹಿಡಿಯಿತು. ಕೆಲವೇ ದಿನಗಳಲ್ಲಿ ನಮ್ಮ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗವೂ ಬಿದ್ದಿತು. ಈ ಕಡಿದಾದ ಕಲ್ಲನ್ನು ಹತ್ತಿ ಯಾರು ಬಂದಾರು ಎಂಬ ಭರವಸೆ ಕೋಟೆಯನ್ನು ಉಳಿಸಲಿಲ್ಲ.

ಹತ್ತಿರದ ಕಾಲಕ್ಕೆ ಬಂದರೆ 1999ರ ಕಾರ್ಗಿಲ್ ಯುದ್ಧ ಕಣ್ಣ ಮುಂದಿದೆ. ಚುನಾವಣೆ, ಯುದ್ಧನೀತಿ, ಹತ್ತುವ ದಾರಿ ಈ ಮೂರೂ ಒಂದೇ ಗಂಟಿನಲ್ಲಿ ಬಿಗಿದುಕೊಂಡಿದ್ದ ಸಂದರ್ಭ ಅದು. ಆ ವರ್ಷದ ಏಪ್ರಿಲ್ 17ರಂದು ಕೇಂದ್ರ ಸರ್ಕಾರ ಲೋಕಸಭೆಯಲ್ಲಿ ಒಂದೇ ಒಂದು ಮತದಿಂದ ಬಿದ್ದಿತ್ತು. ಉಸ್ತುವಾರಿ ಸರ್ಕಾರವಿದ್ದಾಗಲೇ ಮೇ ತಿಂಗಳಲ್ಲಿ ಯುದ್ಧ ಮೊದಲಾಯಿತು. ಜುಲೈ 26ಕ್ಕೆ ಮುಗಿಯಿತು. ಸೆಪ್ಟೆಂಬರಿನಲ್ಲಿ ಮತದಾನ ಆರಂಭವಾಯಿತು. ನಿಯಂತ್ರಣ ರೇಖೆಯನ್ನು ದಾಟಬಾರದೆಂದು ಸರ್ಕಾರ ತೀರ್ಮಾನಿಸಿತು. ಹಿಂದಿನ ವರ್ಷವಷ್ಟೇ ಎರಡೂ ದೇಶಗಳು ಅಣ್ವಸ್ತ್ರಗಳನ್ನು ಪರೀಕ್ಷಿಸಿದ್ದವು. ಯುದ್ಧ ಹಬ್ಬಬಾರದು, ಲೋಕದ ಅಭಿಪ್ರಾಯ ನಮ್ಮ ಕಡೆ ಇರಬೇಕು ಎಂಬುದು ಅದರ ಹಿಂದಿನ ವಿವೇಕ, ಅದು ಫಲಿಸಿತೆನ್ನಬೇಕು. ಆದರೆ ಆ ವಿವೇಕದ ಬೆಲೆಯನ್ನು ತೆತ್ತವರು ಹತ್ತುವವರು. ಶತ್ರುವಿನ ಬೆನ್ನಿಗೆ ಬಳಸಿ ಹೋಗುವ ದಾರಿ ಮುಚ್ಚಿದ ಮೇಲೆ ಉಳಿದದ್ದು ಕೆಳಗಿನಿಂದ ನೇರವಾಗಿ ಏರುವ ದಾರಿಗಳು. ಸುಮಾರು 16,500 ಅಡಿ ಎತ್ತರದ ಟೈಗರ್ ಹಿಲ್ಲಿನ ಮೇಲೆ 18ನೆಯ ಗ್ರೆನೇಡಿಯರ್ಸ್ ದಳದವರು ಕಡಿದಾದ ಬಂಡೆಯ ಮುಖವನ್ನೇ ಆರಿಸಿಕೊಂಡು ರಾತ್ರಿಯಲ್ಲಿ ಹಗ್ಗ ಹಿಡಿದು ಏರಿದರು. ಆ ಯುದ್ಧದಲ್ಲಿ ಮಡಿದ ನಮ್ಮ ಯೋಧರು ಸರ್ಕಾರದ ಲೆಕ್ಕದಂತೆ 527 ಮಂದಿ. ದೆಹಲಿಯ ಮೇಜಿನ ಮೇಲೆ ಎಳೆದ ಒಂದು ಗೆರೆ ಯಾವ ಬಂಡೆಯನ್ನು ಯಾವ ಕಡೆಯಿಂದ ಹತ್ತಬೇಕೆಂಬುದನ್ನು ನಿರ್ಧರಿಸುತ್ತದೆ. ತೀರ್ಮಾನ ಸರಿಯೋ ತಪ್ಪೋ ಎಂಬ ಚರ್ಚೆ ಇನ್ನೂ ನಡೆದಿದೆ. ಆದರೆ ಅದು ಹತ್ತುವವನ ಪ್ರಾಣದ ಪ್ರಶ್ನೆಯೆಂಬುದರಲ್ಲಿ ಚರ್ಚೆಯಿಲ್ಲ.

ಹಾಗಾದರೆ ಅಂಥ ಪ್ರಶ್ನೆಯನ್ನು ಎಂದು, ಎಲ್ಲಿ ಕೇಳಬೇಕು? ಬಂಡೆಯ ಮೇಲಿನವರ ಶಿಷ್ಟಾಚಾರ ಸ್ಪಷ್ಟವಾಗಿದೆ: ಹೊರಡುವ ಮುನ್ನ ಮುಕ್ತವಾದ ಮಾತು, ಏರುವಾಗ ಮಿತವಾದ ಮಾತು, ಇಳಿದ ಮೇಲೆ ಪೂರ್ತಿಯಾದ ಲೆಕ್ಕ. ವ್ಯಾಸರೂ ಯುದ್ಧದ ಪರ್ವಗಳಿಗೆ ಮೊದಲು ಸಂಧಾನ ಸಮಾಲೋಚನೆಗಳಿಗಾಗಿ ಉದ್ಯೋಗಪರ್ವವೆಂಬ ಒಂದು ಇಡಿಯ ಪರ್ವವನ್ನೇ ಮೀಸಲಿಟ್ಟರಲ್ಲವೇ? ನಮ್ಮ ಗಣರಾಜ್ಯ ಈ ಶಿಷ್ಟಾಚಾರವನ್ನು ಕೆಲವೊಮ್ಮೆ ಪಾಲಿಸಿದೆ, ಕೆಲವೊಮ್ಮೆ ಮರೆತಿದೆ. ಭೂಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನ ಜನರಲ್ ತಿಮ್ಮಯ್ಯನವರು ರಕ್ಷಣಾ ಮಂತ್ರಿ ಕೃಷ್ಣ ಮೆನನ್ನರೊಡನೆ ಭಿನ್ನಾಭಿಪ್ರಾಯ ಬಂದು 1959ರಲ್ಲಿ ರಾಜೀನಾಮೆ ಕೊಟ್ಟರು. ನೆಹರೂ ಅವರ ಮಾತಿಗೆ ಮಣಿದು ಹಿಂತೆಗೆದುಕೊಂಡರು. ಸೈನ್ಯದ ಗಂಟು ಸಡಿಲವಾಗಿದೆಯೆಂಬ ಎಚ್ಚರಿಕೆ ಅದು. ಅದನ್ನು ಪೂರ್ತಿಯಾಗಿ ಬಿಚ್ಚಿ ನೋಡುವ ಮೊದಲೇ 1962 ಬಂದಿತು. ಇಂದು ನಮ್ಮ ರಾಜ್ಯದ ತರುಣರಿಗೆ ಬಂಡೆ ಹತ್ತುವುದನ್ನು ಕಲಿಸುವ ಸರ್ಕಾರಿ ಸಾಹಸ ಅಕಾಡೆಮಿಗೆ ಅದೇ ತಿಮ್ಮಯ್ಯನವರ ಹೆಸರಿದೆ. ಆ ಹೆಸರಿನೊಡನೆ ಈ ಕಥೆಯನ್ನೂ ಕಲಿಸಿದರೆ ಒಳಿತು.

ಆದರೆ 1962ರಲ್ಲಿ ಇನ್ನೊಂದು ನಡೆಯಿತು. ಚೀನಾದೊಡನೆ ಯುದ್ಧ ನಡೆಯುತ್ತಿರುವಾಗಲೇ ಸಂಸತ್ತು ಸೇರಬೇಕೆಂದು ಜನಸಂಘದ ತರುಣ ಸದಸ್ಯರಾಗಿದ್ದ ವಾಜಪೇಯಿ ಅವರು ಕೇಳಿದರು, ನೆಹರೂ ಒಪ್ಪಿದರು, ನವೆಂಬರ್ 8ರಂದು ಚರ್ಚೆ ಮೊದಲಾಯಿತು. ಪ್ರಧಾನಿ ತಮ್ಮ ಮೇಲೆ ಬಂದ ಟೀಕೆಯನ್ನು ಕುಳಿತು ಕೇಳಿದರು. 1999ರಲ್ಲಿ ಅದೇ ವಾಜಪೇಯಿ ಅವರು ಪ್ರಧಾನಿಯಾಗಿದ್ದಾಗ ರಾಜ್ಯಸಭೆಯನ್ನಾದರೂ ಕರೆಯಿರೆಂದು ವಿರೋಧ ಪಕ್ಷ ಕೇಳಿತು, ಕರೆಯಲಿಲ್ಲ. ಆದರೆ ಯುದ್ಧ ಮುಗಿದ ಮೂರೇ ದಿನಗಳಲ್ಲಿ ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯ ಪರಿಶೀಲನಾ ಸಮಿತಿ ನೇಮಕವಾಗಿ, ಅದರ ವರದಿ ಮುಂದೆ ಸಂಸತ್ತಿನ ಮುಂದೆಯೂ ಬಂದಿತು. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಮಂದಿ ಹತರಾದರು. ಮೇ 7ರಿಂದ 10ರವರೆಗೆ ಆಪರೇಷನ್ ಸಿಂದೂರ್ ನಡೆಯಿತು. ವಿಶೇಷ ಅಧಿವೇಶನದ ಬೇಡಿಕೆ ಈಡೇರಲಿಲ್ಲ. ಸಂಸತ್ತಿನ ಚರ್ಚೆ ಜುಲೈ ಕೊನೆಗೆ ಬಂದಿತು. ತಡವಾದರೂ ಬಂದಿತೆನ್ನೋಣ. ಆದರೆ ಆ ನಡುವಿನ ವಾರಗಳಲ್ಲಿ ಪ್ರಶ್ನೆ ಕೇಳಿದವನಿಗೆ ದೇಶದ್ರೋಹಿಯೆಂಬ ಹಣೆಪಟ್ಟಿ, ಸೈನಿಕರನ್ನು ಹೊಗಳಿದವನಿಗೆ ಯುದ್ಧಪಿಪಾಸುವೆಂಬ ಹಣೆಪಟ್ಟಿ ನಮ್ಮ ಊರ ಕಾಫಿ ಹೋಟೆಲುಗಳಲ್ಲಿಯೂ ಅಗ್ಗವಾಗಿದ್ದವು. ಹಗ್ಗ ಹಿಡಿಯದೆ ದೂರ ನಿಂತು "ಹತ್ತು, ಹತ್ತು" ಎಂದು ಕೂಗುವವನೂ, "ಬಿದ್ದೇ ಬೀಳುತ್ತಾನೆ" ಎಂದು ಕಾಯುವವನೂ ಮೇಲಿರುವವನಿಗೆ ಸಮಾನವಾಗಿ ನಿರುಪಯೋಗಿಗಳು.

ನಮ್ಮ ಸೀಮೆಗೆ ಇದು ದೂರದ ಮಾತಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್ನಿನಲ್ಲಿ ಹಿಮಪಾತಕ್ಕೆ ಸಿಕ್ಕಿದ ಹತ್ತು ಮಂದಿಯಲ್ಲಿ ಆರು ದಿನಗಳ ಮೇಲೆ ಜೀವಸಹಿತ ದೊರೆತು, 11ರಂದು ತೀರಿಕೊಂಡ ಹನುಮಂತಪ್ಪ ಕೊಪ್ಪದ ಅವರು ಧಾರವಾಡ ಜಿಲ್ಲೆಯ ಬೆಟದೂರಿನವರು. ನಮ್ಮ ನೆರೆಯ ಹಾಸನ ಜಿಲ್ಲೆಯ ಯೋಧರೊಬ್ಬರೂ ಆ ಹಿಮದಲ್ಲಿಯೇ ಮಡಿದರು. 1984ರಿಂದ ಆ ಎತ್ತರದಲ್ಲಿ ಕಾವಲಿದೆ; ಗುಂಡಿಗಿಂತ ಹಿಮಕ್ಕೂ ಚಳಿಗೂ ಬಲಿಯಾದವರೇ ಹೆಚ್ಚು. ಕಾವಲು ಬೇಡವೆಂದು ನಾನು ಹೇಳುತ್ತಿಲ್ಲ. ಅಲ್ಲಿಗೆ ಮಗನನ್ನು ಕಳಿಸಿದ ಮನೆ ಅದರ ಅಗತ್ಯವನ್ನು ಕುರಿತು ಕೇಳಿದರೆ ಉತ್ತರ ಕೊಡಬೇಕು ಎನ್ನುತ್ತಿದ್ದೇನೆ.

ಇನ್ನು ಚುನಾವಣೆ. 2023ರಲ್ಲಿ ತಿಪಟೂರು ಕಾಂಗ್ರೆಸ್ಸನ್ನು ಗೆಲ್ಲಿಸಿತು. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳು ಜನತಾ ದಳವನ್ನು. ಮರುವರ್ಷ ಈ ಮೂರನ್ನೂ ಮಧುಗಿರಿಯನ್ನೂ ಒಳಗೊಂಡ ತುಮಕೂರು ಲೋಕಸಭಾ ಕ್ಷೇತ್ರ ಭಾರತೀಯ ಜನತಾ ಪಕ್ಷವನ್ನು ಗೆಲ್ಲಿಸಿತು. ಎಂದರೆ ಇಲ್ಲಿಯ ಮತದಾರ ಯಾರಿಗೂ ಬರೆದುಕೊಟ್ಟವನಲ್ಲ. ಈ ಎರಡು ಚುನಾವಣೆಗಳ ಕಾಲದಲ್ಲಿ ಉಂಡೆ ಕೊಬ್ಬರಿಯ ಗತಿಯನ್ನು ನೆನೆಯಿರಿ. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ; ತಿಪಟೂರು ಮಾರುಕಟ್ಟೆಯ ಧಾರಣೆ 8,000ದ ಆಸುಪಾಸಿಗೆ ಕುಸಿದಿತ್ತು. 2025ರಲ್ಲಿ ಅದೇ ಕೊಬ್ಬರಿ 20,000ವನ್ನು ದಾಟಿತು. ಏರಿದಾಗ ಹೆಮ್ಮೆಪಡುವ ಪಕ್ಷಗಳಿಗೆ ಕೊರತೆಯಿಲ್ಲ. ಜಾರಿದಾಗ ಎಷ್ಟು ಅಡಿಗೆ ಬೀಳುವಿಕೆಯನ್ನು ನಿಲ್ಲಿಸಿದಿರಿ ಎಂಬುದು ಕೇಳಬೇಕಾದ ಪ್ರಶ್ನೆ. ಬೆಂಬಲ ಬೆಲೆಯೆಂಬುದು ಬಂಡೆಗೆ ಬಡಿದ ಬೋಲ್ಟಿನಂತೆ. ಹಗ್ಗವನ್ನು ಹಿಡಿಯುವ ಕೈಯಿಲ್ಲದಿದ್ದರೆ, ಅಂದರೆ ಖರೀದಿ ಸಕಾಲದಲ್ಲಿ ನಡೆಯದಿದ್ದರೆ, ಬೋಲ್ಟು ಇದ್ದೂ ಫಲವಿಲ್ಲ.

ಒಂದು ಆಕ್ಷೇಪ ಇದೆ, ಅದು ನ್ಯಾಯವಾದದ್ದೇ. ಬಂಡೆ ಹತ್ತುವವರು ತಮ್ಮ ಜೊತೆಗಾರರನ್ನು ತಾವೇ ಆರಿಸಿಕೊಳ್ಳುತ್ತಾರೆ. ಬೇಡವೆಂದರೆ ಮನೆಗೆ ಹೋಗುತ್ತಾರೆ. ಪ್ರಜೆಗಳಿಗೆ ಆ ಸ್ವಾತಂತ್ರ್ಯವಿಲ್ಲ. ಜಾತಿ, ಜಮೀನು, ಹಳೆಯ ವ್ಯಾಜ್ಯ ಇವುಗಳ ನಡುವೆ ಹುಟ್ಟಿದವರು ಅಲ್ಲಿಯೇ ಬಾಳಬೇಕು. ಸಂಬಳ ಬರುವ, ಬಿಡುವಿರುವ ನಾಲ್ಕು ಮಂದಿಯ ಸೌಜನ್ಯವನ್ನು ಇಡೀ ನಾಡಿಗೆ ಮಾದರಿಯೆನ್ನುವುದು ಹೇಗೆ? ನಿಜ, ಪೂರ್ತಿ ಮಾದರಿಯಲ್ಲ. ಆದರೆ ಆಯ್ಕೆಯಿಲ್ಲದೆ ಒಂದೇ ಹಗ್ಗಕ್ಕೆ ಬಿಗಿಸಿಕೊಂಡವರಿಗೆ ಗಂಟಿನ ಚಿಂತೆ ಇನ್ನೂ ಹೆಚ್ಚಾಗಿರಬೇಕಲ್ಲವೇ? ಭಾನುವಾರ ಸಂಜೆ ಅವರು ಹಗ್ಗವನ್ನು ಬಿಚ್ಚಿಡುತ್ತಾರೆ, ನಾವು ಬಿಚ್ಚಿಡುವಂತಿಲ್ಲ.

ಮುಂದೆ ಮತ ಕೇಳಲು ಬಂದವರನ್ನು, ಯುದ್ಧಕ್ಕೆ ಜಯಕಾರ ಹಾಕಲು ಕರೆಯುವವರನ್ನು, ಬೇಡವೆಂದು ಬೋಧಿಸುವವರನ್ನು, ಎಲ್ಲರನ್ನೂ ಕೇಳಬಹುದಾದ ಪ್ರಶ್ನೆ ಒಂದೇ: ಹತ್ತುತ್ತಿರುವವನು ಯಾರು, ಅವನ ಹಗ್ಗದ ಇನ್ನೊಂದು ತುದಿ ಯಾರ ಕೈಯಲ್ಲಿದೆ? ಈ ಪ್ರಶ್ನೆಯನ್ನು ಪಕ್ಷ ನೋಡದೆ ಕೇಳುವ ಅಭ್ಯಾಸ ನಮ್ಮ ಊರ ಕಟ್ಟೆಗಳ ಮೇಲೆ ಬೆಳೆದರೆ, ನಾಲ್ಕು ವರ್ಷಕ್ಕೆಂದು ಸೈನ್ಯ ಸೇರಿದ ಹುಡುಗನ ತಾಯಿ ಚುನಾವಣೆಯ ಹೊತ್ತಿನಲ್ಲಿ ತನ್ನ ಆತಂಕವನ್ನು ಬಾಯಿಬಿಟ್ಟು ಹೇಳಲು ಹೆದರಬೇಕಾಗಿಲ್ಲ.