ಹಾಡು ಊರಿನದು, ಹಕ್ಕು ಯಾರದು?

ತಿಪಟೂರು: ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲೂ ರಾಜ್ಯದ ಉಳಿದೆಡೆಯಂತೆ ನವೆಂಬರ್ ಬಂತೆಂದರೆ 1993ರ ‘ಆಕಸ್ಮಿಕ’ ಚಿತ್ರದ ನಾಡಪ್ರೇಮದ ಗೀತೆ ಧ್ವನಿವರ್ಧಕಗಳಲ್ಲಿ ಮೊಳಗುತ್ತದೆ. ಹಾಡಿದವರು ಡಾ. ರಾಜ್‌ಕುಮಾರ್ ಎಂಬುದು ಶಾಲಾ ಮಕ್ಕಳಿಗೂ ಗೊತ್ತು. ಆದರೆ ಅದರ ಸಾಹಿತ್ಯ, ಸಂಗೀತ ಎರಡೂ ಹಂಸಲೇಖ ಅವರದು ಎಂಬುದು ಎಷ್ಟು ಜನರಿಗೆ ನೆನಪಿದೆ?

ಗಂಗರಾಜು ಎಂಬ ಹೆಸರಿನ ಈ ಕಲಾವಿದ ಚಿತ್ರಗೀತೆ ಬರೆಯಲಾರಂಭಿಸಿದ್ದು 1973ರ ‘ತ್ರಿವೇಣಿ’ಯಿಂದ. ಆದರೂ ಕನ್ನಡಿಗರೆಲ್ಲರ ಮನೆಮಾತಾಗಲು 1987ರ ‘ಪ್ರೇಮಲೋಕ’ದವರೆಗೆ ಕಾಯಬೇಕಾಯಿತು. ಆಡುಮಾತನ್ನೇ ಹಾಡಾಗಿಸಿದ ಆ ಚಿತ್ರದ ಧ್ವನಿಸುರುಳಿಗಳು ಪೇಟೆ-ಹಳ್ಳಿಗಳೆನ್ನದೆ ಮಾರಾಟವಾದವು. ‘ರಣಧೀರ’, ‘ರಾಮಾಚಾರಿ’, ‘ಹಳ್ಳಿ ಮೇಷ್ಟ್ರು’ ಆ ಜನಪ್ರಿಯತೆಯನ್ನು ಮುಂದುವರಿಸಿದವು. 1995ರ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ರಾಷ್ಟ್ರ ಪ್ರಶಸ್ತಿ ತಂದುಕೊಟ್ಟಿತು. 2023ರಲ್ಲಿ ಮೈಸೂರು ದಸರಾ ಉದ್ಘಾಟಿಸುವ ಗೌರವವೂ ಅವರಿಗೆ ಸಂದಿತು.

ಗೌರವ ಸಂದಿತು, ಸರಿ. ಆದರೆ ಹಾಡು ಕಟ್ಟುವವನಿಗೆ ಹಾಡಿನ ಮೇಲಿರುವ ಹಕ್ಕಿನ ಕಥೆ ಬೇರೆಯೇ ಆಗಿತ್ತು. 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ವ್ಯಾಖ್ಯಾನಿಸಿ ಸುಪ್ರೀಂ ಕೋರ್ಟ್ 1977ರಲ್ಲಿ ನೀಡಿದ ತೀರ್ಪಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಚಿತ್ರಕ್ಕಾಗಿ ಹಣ ಕೊಟ್ಟು ಮಾಡಿಸಿದ ಗೀತೆಯ ಒಡೆಯ ನಿರ್ಮಾಪಕನೇ. ಹೀಗಾಗಿ ಒಮ್ಮೆ ಸಂಭಾವನೆ ಪಡೆದರೆ ಮುಗಿಯಿತು. ಹಾಡು ಮುಂದೆ ಎಷ್ಟು ವರ್ಷ ಓಡಿದರೂ ಬರೆದವನಿಗೆ ಅದರಲ್ಲಿ ಪಾಲಿಲ್ಲ. ತೆಂಗಿನ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಕಾಯಿ ಮಾರಿದವನಿಗೆ ಮುಂದಿನ ಕೊಯ್ಲಿನ ಆಸೆ ಉಂಟು, ಮರವನ್ನೇ ಮಾರಿದವನಿಗೆ ಇಲ್ಲ.

ಈ ಅನ್ಯಾಯವನ್ನು ಸರಿಪಡಿಸಿದ್ದು 2012ರ ತಿದ್ದುಪಡಿ. ಗೀತರಚನಕಾರ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದರ ಪರ ಗಟ್ಟಿಯಾಗಿ ದನಿಯೆತ್ತಿದ್ದರು. ಚಿತ್ರಮಂದಿರದ ಪ್ರದರ್ಶನ ಹೊರತುಪಡಿಸಿ, ಚಿತ್ರಗೀತೆಯ ಇತರ ಬಳಕೆಗಳಿಂದ ಬರುವ ರಾಯಧನದಲ್ಲಿ ಸಾಹಿತಿಗೂ ಸಂಯೋಜಕನಿಗೂ ಸಮಪಾಲು ಸಿಗಬೇಕು. ವಾರಸುದಾರರು ಅಥವಾ ಕೃತಿಸ್ವಾಮ್ಯ ಸಂಸ್ಥೆಗಲ್ಲದೆ ಬೇರೆ ಯಾರಿಗೂ ಆ ಹಕ್ಕನ್ನು ಬಿಟ್ಟುಕೊಡುವಂತಿಲ್ಲ. 2023ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್, ರೇಡಿಯೋ ಕೇಂದ್ರಗಳ ವಿರುದ್ಧದ ಪ್ರಕರಣದಲ್ಲಿ ಇದೇ ನಿಲುವನ್ನು ಎತ್ತಿಹಿಡಿಯಿತು.

ಹಾಗೆಂದು ಊರವರು ಹೆದರಬೇಕಾಗಿಲ್ಲ. ಮದುವೆ ಮನೆ, ಧಾರ್ಮಿಕ ವಿಧಿ, ಸರಕಾರಿ ಸಮಾರಂಭಗಳಲ್ಲಿ ಹಾಡು ನುಡಿಸಲು ಕಾನೂನೇ ವಿನಾಯಿತಿ ನೀಡಿದೆ. ಲಾಭಕ್ಕಾಗಿ ಹಾಡು ಬಳಸುವ ಹೋಟೆಲು, ರೇಡಿಯೋ, ಟಿಕೆಟ್ ಇಟ್ಟು ನಡೆಸುವ ರಸಮಂಜರಿಗಳು ಮಾತ್ರ ಪರವಾನಗಿ ಪಡೆಯಬೇಕು.

ನಿಜವಾದ ಆತಂಕ ಹೊಸಬರದು. ಇಂದು ಕಂಪ್ಯೂಟರ್ ಒಂದಿದ್ದರೆ ಮನೆಯ ಕೋಣೆಯೇ ಸ್ಟುಡಿಯೋ. ಬರೆಯುವುದು, ರಾಗ ಕಟ್ಟುವುದು, ಹಾಡುವುದು, ಎಲ್ಲವೂ ಒಬ್ಬರಿಂದಲೇ ಸಾಧ್ಯ. ಯೂಟ್ಯೂಬ್‌ಗೆ ಹಾಕುವ ಆತುರದಲ್ಲಿ ಒಪ್ಪಂದ ಓದದೆ ಸಹಿ ಹಾಕಿದರೆ ಹಾಡಿನ ಮಾಲೀಕತ್ವ ಶಾಶ್ವತವಾಗಿ ಕೈತಪ್ಪಬಹುದು. ರಾಯಧನ ಕಾನೂನಿನಲ್ಲಿದ್ದರೂ ತಾನಾಗಿ ಮನೆಬಾಗಿಲಿಗೆ ಬರುವುದಿಲ್ಲ. 1969ರಲ್ಲಿ ಸ್ಥಾಪನೆಯಾದ ಐಪಿಆರ್‌ಎಸ್‌ನಂಥ ಸಂಸ್ಥೆಯ ಸದಸ್ಯರಾಗಿ, ತಮ್ಮ ಕೃತಿಗಳನ್ನು ನೋಂದಾಯಿಸಿದವರಿಗೆ ಮಾತ್ರ ಅದು ಕೈಸೇರುವ ದಾರಿ ಸುಗಮ.

ಉಂಡೆ ಕೊಬ್ಬರಿಗೆ 2025ರ ಹಂಗಾಮಿನಲ್ಲಿ ಕೇಂದ್ರ ಕ್ವಿಂಟಲಿಗೆ 12,100 ರೂ. ಬೆಂಬಲ ಬೆಲೆ ಘೋಷಿಸಿತ್ತು. ಅದಕ್ಕಾಗಿ ರೈತ ಬೀದಿಗಿಳಿದು ಕೂಗಬಲ್ಲ. ಹಾಡಿಗೆ ಬೆಂಬಲ ಬೆಲೆ ಇಲ್ಲ, ಹಾಡು ಕಟ್ಟುವವರ ಕೂಗೂ ಕೇಳಿಸುವುದಿಲ್ಲ. ಲೇಖಕನ ಜೀವಿತಾವಧಿ ಹಾಗೂ ಆನಂತರದ 60 ವರ್ಷ ಉಳಿಯುವ ಹಕ್ಕು ಇದು. ಮಕ್ಕಳು, ಮೊಮ್ಮಕ್ಕಳಿಗೂ ಫಲ ಕೊಡಬಲ್ಲ ಇಂಥ ಆಸ್ತಿಯನ್ನು ಒಂದು ಸಹಿಯಲ್ಲಿ ಕಳೆದುಕೊಳ್ಳದಂತೆ ಹೊಸ ಪ್ರತಿಭೆಗಳಿಗೆ ತಿಳಿಹೇಳುವ ಹೊಣೆ ಚಿತ್ರೋದ್ಯಮಕ್ಕೂ ಸಂಸ್ಕೃತಿ ಇಲಾಖೆಗೂ ಇದೆ. ಹಾರ ತುರಾಯಿಗಳ ಸನ್ಮಾನ ಆಮೇಲಾದರೂ ಆದೀತು.