ಜೇವರ್ಗಿಯಲ್ಲಿ ಆ ತ್ರಿಕೋನ ಗುಡ್ಡ ಎಲ್ಲಿದೆ?

ಕಳೆದ ವರ್ಷ ಜೇವರ್ಗಿ ತಾಲೂಕಿನ ಒಂದು ಶಾಲೆಯ ಚಿತ್ರಕಲಾ ಸ್ಪರ್ಧೆಯ ಸುದ್ದಿ ಮಾಡಲು ಹೋಗಿದ್ದೆ. ವಿಷಯ 'ನಮ್ಮೂರು'. ಹೆಚ್ಚುಕಡಿಮೆ ಎಲ್ಲ ಹಾಳೆಗಳಲ್ಲೂ ಅದೇ ಎರಡು ತ್ರಿಕೋನ ಗುಡ್ಡ, ನಡುವೆ ಸೂರ್ಯ, ಕೆಳಗೆ ನದಿ, ದಡದಲ್ಲಿ ತೆಂಗಿನಮರ. ಕಿಟಕಿಯಾಚೆ ನೋಡಿದರೆ ಕಣ್ಣು ಹಾಯುವವರೆಗೆ ತೊಗರಿ ಹೊಲ.

"ಇಲ್ಲಿ ಗುಡ್ಡ ಎಲ್ಲದಪಾ?" ಅಂತ ಒಬ್ಬ ಹುಡುಗನನ್ನು ಕೇಳಿದೆ.

"ಚಿತ್ರ ಅಂದ್ರ ಗುಡ್ಡ ಬೇಕಲ್ರೀ ಸರ್!"

ತಪ್ಪು ಅವನದಲ್ಲ, ಬಹುಮಾನ ಬರುವುದೇ ಗುಡ್ಡಕ್ಕೆ.

ಕೊರಿಯಾದಲ್ಲೂ ಹಿಂದೆ ಹೀಗೇ ಇತ್ತು. (ನಾನು ನೋಡಿದ್ದೆಲ್ಲ ಮೊಬೈಲಿನಲ್ಲೇ.) ಚಿತ್ರಕಾರರು ತಾವು ಕಾಣದ ಚೀನಾದ ಬೆಟ್ಟಗಳನ್ನು ಬರೆಯುತ್ತಿದ್ದರು. 1751ರಲ್ಲಿ ಚೊಂಗ್ ಸೊನ್ ಎಂಬ ಮುದುಕ ತನ್ನೂರು ಸಿಯೋಲ್‌ನ ಇನ್ವಾಂಗ್ ಬೆಟ್ಟವನ್ನು ಮಳೆ ನಿಂತ ಮೇಲೆ ಕಂಡಂತೆ ಬರೆದ. ಬರೀ ಮಸಿ. ನೆನೆದ ಬಂಡೆಗೆ ಕಪ್ಪಿನ ಮೇಲೆ ಕಪ್ಪು ಬಳಿದ, ಮಂಜಿಗೆ ಹಾಳೆಯ ಬಿಳುಪನ್ನೇ ಬಿಟ್ಟ. 1960ರಲ್ಲಿ ಸೊ ಸೆ-ಓಕ್ ಮತ್ತು ಗೆಳೆಯರು ಅದೇ ಮಸಿ, ಅದೇ ಕುಂಚದಿಂದ ಪಶ್ಚಿಮದ ಅಮೂರ್ತ ಕಲೆಗೆ ಕೈಹಾಕಿದರು. ಚುಕ್ಕೆ, ಗೆರೆ, ಮಸಿ ಹರಡಿದ ರೀತಿಯೇ ಚಿತ್ರವಾಯಿತು. ಯೂ ಯಂಗ್-ಕುಕ್ ಎಂಬಾತನಂತೂ ಎಣ್ಣೆಬಣ್ಣದಲ್ಲಿ ಬೆಟ್ಟವನ್ನು ಬರೀ ತ್ರಿಕೋನ ಮಾಡಿಬಿಟ್ಟ. ನಮ್ಮ ಹುಡುಗನೂ ತ್ರಿಕೋನ ಬರೆದಿದ್ದನಲ್ಲ ಅನ್ನಬಹುದು. ಆದರೆ ಯೂ ಹುಟ್ಟಿದ್ದು ಬೆಟ್ಟಗಳ ಸೀಮೆಯಲ್ಲಿ. ಆತ ನೋಡಿ ನೋಡಿ ತ್ರಿಕೋನಕ್ಕೆ ಬಂದವನು.

ಯೂ ಹುಟ್ಟಿದ 1916ರಲ್ಲೇ ಕಲಬುರಗಿಯಲ್ಲಿ ಎಸ್.ಎಂ. ಪಂಡಿತರು ಹುಟ್ಟಿದರು. ದೇವರ ಚಿತ್ರ, ಸಿನಿಮಾ ಪೋಸ್ಟರುಗಳಿಂದ ದೇಶಕ್ಕೇ ಗೊತ್ತಾದರು. ಅವರಿಗೆ ಚಿತ್ರ ಕಲಿಸಿದವರಲ್ಲಿ ಒಬ್ಬರು ಶಂಕರರಾವ್ ಆಳಂದಕರ್. ಹೆಸರಲ್ಲೇ ಆಳಂದ ಇದೆ ನೋಡಿ! ನಮ್ಮಲ್ಲಿ ಕೈಗಳಿಗೆ ಬರವಿಲ್ಲ. ಈ ಮಣ್ಣೂ ಚಿತ್ರಕ್ಕೆ ಸಲ್ಲುತ್ತದೆ ಎಂಬ ನಂಬಿಕೆ ಮಾತ್ರ ಇಲ್ಲ. ದುಡಿಯಲು ಪುಣೆ, ಮುಂಬೈಗೆ ಹೋಗುವ ನಮ್ಮ ಹುಡುಗರ ಫೋನು ತೆರೆದರೂ ಎಲ್ಲಿಯದೋ ಹಿಮದ ಬೆಟ್ಟ.

ಎರಿ ಹೊಲ ಮಳೆಗೆ ನೆನೆದಾಗ ನೋಡಿದ್ದೀರಲ್ಲ? ಅದು ಮಸಿಯೇ. ಏಪ್ರಿಲ್ ಮಧ್ಯಾಹ್ನ ಅಫಜಲಪುರದ ಬಯಲಿನ ಮೇಲೆ ಬಿಸಿಲಿಗೆ ಬಿಳಚಿದ ಆಕಾಶ ಖಾಲಿ ಹಾಳೆ. ಗಾಣಗಾಪುರದ ಹತ್ತಿರ ಅಮರ್ಜಾ ಬಂದು ಭೀಮೆಯನ್ನು ಸೇರುವುದನ್ನು ಬರೆಯಲು ಎರಡು ಗೆರೆ ಸಾಕು. ಮೇಷ್ಟ್ರುಗಳಿಗೆ ನನ್ನದೊಂದೇ ಕೋರಿಕೆ. ಈ ವರ್ಷದ ಸ್ಪರ್ಧೆಗೆ ಮುಂಚೆ ಮಕ್ಕಳನ್ನು ಅರ್ಧ ಗಂಟೆ ಹೊರಗೆ ಕೂರಿಸಿ. ಮನೆಯ ಬಾಗಿಲಿಂದ, ಶಾಲೆಯ ಗೇಟಿನಿಂದ ಏನು ಕಾಣುತ್ತದೋ ಅದನ್ನೇ ಬರೆಯಲಿ.

ಅವತ್ತು ಆ ಹುಡುಗನಿಗೆ ಎರಡನೇ ಬಹುಮಾನ ಬಂತು. ಆರನೇ ಕ್ಲಾಸಿನ ಒಬ್ಬ ಹುಡುಗಿ ಹಾಳೆಯ ಕೆಳಗರ್ಧವನ್ನು ಪೆನ್ಸಿಲಿನಿಂದ ಗೀಚಿ ಗೀಚಿ ಕಪ್ಪು ಮಾಡಿ, ಮೇಲರ್ಧ ಹಾಗೇ ಬಿಟ್ಟಿದ್ದಳು. 'ಪೂರ್ತಿ ಮಾಡಿಲ್ಲ' ಅಂತ ಅದನ್ನು ಬದಿಗಿಟ್ಟರು.