ಸಾಕ್ಷ್ಯಶುದ್ಧಿ

ಮನುಷ್ಯನೊಬ್ಬನ ಸ್ವಾತಂತ್ರ್ಯವನ್ನು ಹರಣಮಾಡಿ ಅವನನ್ನು ಸೆರೆಮನೆಗೆ ಕಳುಹಿಸುವ, ಅಪೂರ್ವ ಸಂದರ್ಭಗಳಲ್ಲಿ ಅವನ ಪ್ರಾಣವನ್ನೇ ತೆಗೆಯುವ ಅಧಿಕಾರವು, ಪ್ರಜೆಗಳು ರಾಜ್ಯಕ್ಕೆ ಒಪ್ಪಿಸಿಕೊಟ್ಟಿರುವ ಅಧಿಕಾರಗಳಲ್ಲೆಲ್ಲ ಅತ್ಯಂತ ಗುರುತರವಾದುದು. ಅದನ್ನು ಚಲಾಯಿಸುವವರು, ತಮ್ಮ ನಿರ್ಣಯಕ್ಕೆ ಆಧಾರವೇನೆಂಬ ಪ್ರಶ್ನೆಗೆ, ಪಕ್ಷಪಾತವಿಲ್ಲದ ಯಾವ ವಿಚಾರವಂತನಾದರೂ ಒರೆಹಚ್ಚಿ ನೋಡಬಹುದಾದಂಥ ಉತ್ತರವನ್ನು ಕೊಡಲು ಸದಾ ಸಿದ್ಧರಾಗಿರತಕ್ಕದ್ದು. ಬಹುಕಾಲ ಆ ಉತ್ತರವು ಮುಖ್ಯವಾಗಿ ಎರಡು ಬಗೆಯದಾಗಿದ್ದಿತು: ಕಣ್ಣಾರೆ ಕಂಡವನ ಮಾತು, ಇಲ್ಲವೆ ಆರೋಪಿಯ ತಪ್ಪೊಪ್ಪಿಗೆ. ಮೊದಲನೆಯದು ಭಯ, ದಾಕ್ಷಿಣ್ಯ, ಮರೆವು, ಲೋಭಗಳಿಗೆ ಅಧೀನವಾದುದು. ಎರಡನೆಯದು ಬಹುಮಟ್ಟಿಗೆ ಲಾಠಿಗೆ ಅಧೀನವಾದುದು. ಇವೆರಡರ ಹಂಗನ್ನೂ ಆದಷ್ಟು ತಗ್ಗಿಸಿ, ರಕ್ತದ ಕಲೆ, ಬೆರಳಿನ ಗುರುತು, ಮಣ್ಣಿನ ಕಣ, ಬಟ್ಟೆಯ ನೂಲು ಮೊದಲಾದ ಮೂಕವಸ್ತುಗಳಿಂದ ನಿಜವನ್ನು ಹೊರಡಿಸುವ ವಿದ್ಯೆಯೇ ವಿಧಿವಿಜ್ಞಾನ. ಅದರ ಬಲವೆಲ್ಲ ಕೋಟಿಗಟ್ಟಲೆ ಬೆಲೆಬಾಳುವ ಯಂತ್ರಗಳಲ್ಲಿದೆಯೆಂಬ ನಂಬಿಕೆ ಇಂದು ಜನರಲ್ಲಿಯೂ ಆಳುವವರಲ್ಲಿಯೂ ಬೇರೂರುತ್ತಿದೆ. ನನ್ನ ಅಭಿಪ್ರಾಯ ಬೇರೆ: ಘಟನಾ ಸ್ಥಳಕ್ಕೆ ಮೊದಲು ಕಾಲಿಡುವ ಪೇದೆಯ ಎಚ್ಚರದಲ್ಲಿ ಈ ವಿದ್ಯೆ ಹುಟ್ಟುತ್ತದೆ, ಯಾರ ಮರ್ಜಿಗೂ ಒಳಗಾಗದ ಪರೀಕ್ಷಕನ ಸ್ವಾತಂತ್ರ್ಯದಲ್ಲಿ ಬದುಕುತ್ತದೆ, ಇವೆರಡನ್ನೂ ಕಡೆಗಣಿಸಿ ಎಷ್ಟು ಪ್ರಯೋಗಾಲಯಗಳನ್ನು ಕಟ್ಟಿದರೂ ನ್ಯಾಯಕ್ಕೆ ಲಾಭವಿಲ್ಲ.

ಈ ವಿದ್ಯೆಯ ಒಂದು ಮುಖ್ಯ ಶಾಖೆಯು ನಮ್ಮ ನೆಲದಲ್ಲೇ ಚಿಗುರಿತೆಂಬುದನ್ನು ನಾವು ಸಾಕಷ್ಟು ಸ್ಮರಿಸುವುದಿಲ್ಲ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿದ್ದ ವಿಲಿಯಂ ಹರ್ಷೆಲ್ ಎಂಬ ಆಂಗ್ಲ ಅಧಿಕಾರಿಯು, ಗುತ್ತಿಗೆದಾರನೊಬ್ಬನು ಮುಂದೆ ತನ್ನ ಕರಾರನ್ನು ಅಲ್ಲಗಳೆಯದಿರಲೆಂದು, ಕರಾರುಪತ್ರದ ಮೇಲೆ ಅವನ ಅಂಗೈಯ ಅಚ್ಚನ್ನು ಒತ್ತಿಸಿಕೊಂಡನು. ಆ ರೇಖೆಗಳು ಆಯುಷ್ಯವಿಡೀ ಮಾರ್ಪಡುವುದಿಲ್ಲವೆಂಬುದು ಅನಂತರದ ವರ್ಷಗಳಲ್ಲಿ ಅವನಿಗೆ ಮನದಟ್ಟಾಯಿತು. ಆದರೆ ಬೆರಳಚ್ಚುಗಳನ್ನು ಸಾವಿರಗಟ್ಟಲೆ ಸಂಗ್ರಹಿಸಿಡುವುದು ಸುಲಭ, ಬೇಕಾದಾಗ ಬೇಕಾದುದನ್ನು ಆ ರಾಶಿಯಿಂದ ಹುಡುಕಿ ತೆಗೆಯುವುದು ದುಸ್ಸಾಧ್ಯ. ಈ ತೊಡಕನ್ನು ಬಿಡಿಸಿದವರು ಬಂಗಾಳದ ಪೊಲೀಸ್ ಮುಖ್ಯಾಧಿಕಾರಿಯಾಗಿದ್ದ ಎಡ್ವರ್ಡ್ ಹೆನ್ರಿಯ ಕೈಕೆಳಗೆ ದುಡಿಯುತ್ತಿದ್ದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರು. ಹತ್ತು ಬೆರಳುಗಳ ರೇಖಾವಿನ್ಯಾಸವನ್ನು ಗಣಿತದ ಸೂತ್ರವೊಂದಕ್ಕೆ ಇಳಿಸಿ, ಯಾವ ಮನುಷ್ಯನ ಅಚ್ಚಾದರೂ 1,024 ಗೂಡುಗಳಲ್ಲಿ ಒಂದಕ್ಕೆ ಸೇರುವಂತೆ ಅವರು ವರ್ಗೀಕರಿಸಿದರು. 1897ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿತವಾದ ಬೆರಳಚ್ಚು ಕಚೇರಿಯು ಜಗತ್ತಿನಲ್ಲೇ ಮೊದಲನೆಯದೆನಿಸಿತು. ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಅದೇ ಮಾರ್ಗವನ್ನು ಹಿಡಿದದ್ದು 1901ರಲ್ಲಿ. ಆ ಪದ್ಧತಿಗೆ ಲೋಕವೆಲ್ಲ ಹೆನ್ರಿಯ ಹೆಸರನ್ನೇ ಇಟ್ಟಿತಾದರೂ, ಅದರ ಹಿಂದಿನ ಬುದ್ಧಿಬಲದಲ್ಲಿ ಆ ಇಬ್ಬರ ಪಾಲು ಚಿಕ್ಕದಲ್ಲ.

ಆ ಕಚೇರಿ ಸ್ಥಾಪಿತವಾದ ವರ್ಷದಲ್ಲೇ, ಭೂತಾನದ ಗಡಿಗೆ ಹತ್ತಿರದ ಜಲಪೈಗುರಿ ಜಿಲ್ಲೆಯಲ್ಲಿ ಚಹಾತೋಟದ ಮ್ಯಾನೇಜರನೊಬ್ಬನು ಕತ್ತು ಕೊಯ್ದ ಸ್ಥಿತಿಯಲ್ಲಿ ತನ್ನ ಹಾಸಿಗೆಯ ಮೇಲೆ ಸತ್ತು ಬಿದ್ದಿದ್ದನು. ಅವನ ಪೆಟ್ಟಿಗೆಯನ್ನೂ ತಿಜೋರಿಯನ್ನೂ ಬರಿದುಮಾಡಿ ಹಲವು ನೂರು ರೂಪಾಯಿಗಳನ್ನು ಯಾರೋ ಒಯ್ದಿದ್ದರು. ಗುಮಾನಿಗೆ ಒಳಗಾಗತಕ್ಕವರಿಗೆ ಅಲ್ಲಿ ಕೊರತೆಯಿರಲಿಲ್ಲ. ಮ್ಯಾನೇಜರನು ನಿಷ್ಠುರನೆಂದು ಹೆಸರಾಗಿದ್ದುದರಿಂದ ತೋಟದ ಕೂಲಿಗಳ ಮೇಲೆ ಸಂಶಯ. ಬಟ್ಟೆಯ ಮೇಲೆ ರಕ್ತದ ಕಲೆಗಳಿದ್ದುದರಿಂದ ಅಡಿಗೆಯವನ ಮೇಲೆ ಸಂಶಯ. ಆ ಪ್ರಾಂತದಲ್ಲಿ ಸುಳಿದಾಡುತ್ತಿದ್ದ ಕಾಬೂಲಿಗಳ ತಂಡದ ಮೇಲೆಯೂ ಸಂಶಯ. ಹಳೆಯ ರೀತಿಯ ತನಿಖೆಯಾಗಿದ್ದರೆ ಇವರಲ್ಲಿ ಅತ್ಯಂತ ದುರ್ಬಲನಾದವನು ಎರಡು ದಿನಗಳೊಳಗೆ ತಪ್ಪೊಪ್ಪಿಕೊಂಡಿರುತ್ತಿದ್ದನೆಂದು ಊಹಿಸುವುದು ಕಷ್ಟವಲ್ಲ. ಆದರೆ ಸತ್ತವನ ಕಾಗದಪತ್ರಗಳ ಪೆಟ್ಟಿಗೆಯಲ್ಲಿ ತಿಳಿನೀಲಿ ಹೊದಿಕೆಯ ಬಂಗಾಳಿ ಪಂಚಾಂಗವೊಂದು ಸಿಕ್ಕಿತು. ಆ ಹೊದಿಕೆಯ ಮೇಲೆ ಕಂಡೂ ಕಾಣದಂಥ ಎರಡು ಕಂದು ಕಲೆಗಳಿದ್ದವು. ಭೂತಗನ್ನಡಿಯಲ್ಲಿ ನೋಡಲಾಗಿ ಅವುಗಳಲ್ಲಿ ಒಂದು ಬಲಗೈಯ ಬೆರಳೊಂದರ ಅಚ್ಚಿನ ಭಾಗವೆಂದು ತಿಳಿಯಿತು. ಕಲ್ಕತ್ತೆಯ ಕಚೇರಿಯ ದಾಖಲೆಗಳೊಡನೆ ಹೋಲಿಸಿದಾಗ ಅದು, ಹಿಂದೆ ಅದೇ ಮ್ಯಾನೇಜರನ ಮನೆಯಲ್ಲಿ ಕಳವು ಮಾಡಿ ಶಿಕ್ಷೆಯನ್ನನುಭವಿಸಿ ಕೆಲವು ವಾರಗಳ ಕೆಳಗೆ ಬಿಡುಗಡೆಯಾಗಿದ್ದ ಸೇವಕನೊಬ್ಬನ ಹೆಬ್ಬೆಟ್ಟಿಗೆ ಸರಿಹೊಂದಿತು. ನೂರಾರು ಮೈಲಿಗಳಾಚೆಯ ಬೀರ್‌ಭೂಮ್ ಜಿಲ್ಲೆಯಲ್ಲಿ ಅವನನ್ನು ಹಿಡಿದು ತಂದು, ಹೊಸದಾಗಿ ಅಚ್ಚು ತೆಗೆದು, ಮತ್ತೊಮ್ಮೆ ತಾಳೆ ನೋಡಿದರು. ಆ ಕಲೆಗಳು ರಕ್ತದವೇ ಎಂದು ರಾಸಾಯನಿಕ ಪರೀಕ್ಷಕನು ದೃಢಪಡಿಸಿದನು.

ಈ ವೃತ್ತಾಂತದ ನಿಜವಾದ ಮಹತ್ತ್ವವಿರುವುದು 1898ರಲ್ಲಿ ಹೊರಬಿದ್ದ ತೀರ್ಪಿನಲ್ಲಿ. ನ್ಯಾಯಾಲಯವು ಅವನನ್ನು ಕಳವಿನ ಅಪರಾಧಿಯೆಂದು ನಿರ್ಣಯಿಸಿತು. ಕೊಲೆಯ ಅಪರಾಧಿಯೆಂದು ನಿರ್ಣಯಿಸಲು ಒಪ್ಪಲಿಲ್ಲ. ಅವನ ರಕ್ತಸಿಕ್ತ ಹೆಬ್ಬೆರಳು ಆ ಪಂಚಾಂಗವನ್ನು ಮುಟ್ಟಿತೆಂಬುದು ಸಿದ್ಧವಾಗಿತ್ತು; ಅವನ ಕೈಯೇ ಕತ್ತಿಯನ್ನು ಆಡಿಸಿತೆಂಬುದು ಸಿದ್ಧವಾಗಿರಲಿಲ್ಲ. ಸಾಕ್ಷ್ಯವು ಎಲ್ಲಿಯವರೆಗೆ ಕೊಂಡೊಯ್ಯುವುದೋ ಅಲ್ಲಿಯವರೆಗೆ ಮಾತ್ರ ನಡೆದು, ಮುಂದಿನ ಹೆಜ್ಜೆಯನ್ನು ಊಹೆಯ ಕೈಗೆ ಕೊಡಲೊಲ್ಲದ ಈ ಸಂಯಮವು, ಆ ಹೊಸ ವಿದ್ಯೆಯು ನ್ಯಾಯಪೀಠದ ಮುಂದೆ ಅಂಬೆಗಾಲಿಡುತ್ತಿದ್ದಾಗಲೇ ಅದಕ್ಕೆ ದೊರೆತ ಅತ್ಯುತ್ತಮ ಸಂಸ್ಕಾರವೆಂದು ನಾನು ಭಾವಿಸುತ್ತೇನೆ.

ಎರಡು ವಸ್ತುಗಳು ಪರಸ್ಪರ ತಾಗಿದಲ್ಲಿ ಒಂದರ ಅಂಶವು ಇನ್ನೊಂದಕ್ಕೆ ಅಂಟಿಯೇ ಅಂಟುತ್ತದೆಂಬುದು, 1910ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ನ್ಯಾಯಾಲಯದ ಅಟ್ಟದ ಕೋಣೆಗಳಲ್ಲಿ ಪ್ರಯೋಗಾಲಯವನ್ನು ತೆರೆದ ಎಡ್ಮಂಡ್ ಲೊಕಾರನ ಹೆಸರಿನೊಡನೆ ಸೇರಿಕೊಂಡಿರುವ ತತ್ತ್ವ. ಕಳ್ಳನು ಕಿಟಕಿಯ ಮೇಲೆ ಬೆರಳಚ್ಚನ್ನು ಬಿಟ್ಟುಹೋಗುತ್ತಾನೆ; ಕಿಟಕಿಯ ಬಣ್ಣದ ಪುಡಿ ಅವನ ತೋಳಿಗೆ ಮೆತ್ತಿಕೊಂಡು ಹೋಗುತ್ತದೆ. ಆದರೆ ಈ ನಿಯಮವು ಕಳ್ಳನಿಗೆ ಮಾತ್ರ ಅನ್ವಯಿಸುವುದೆಂದು ನಿಸರ್ಗವು ಎಲ್ಲಿಯೂ ಕಟ್ಟುಮಾಡಿಲ್ಲ. ಕೊಲೆಯ ಸುದ್ದಿ ಕೇಳಿ ಓಡಿಬರುವ ನೆರೆಹೊರೆಯವರು, ಕ್ಯಾಮೆರಾಗಳೊಡನೆ ನುಗ್ಗುವ ಸುದ್ದಿಗಾರರು, ಸಾಂತ್ವನ ಹೇಳಲು ಪರಿವಾರಸಮೇತರಾಗಿ ಬರುವ ಮುಖಂಡರು, ಕೈಗವಸಿಲ್ಲದೆ ಚಾಕುವನ್ನೆತ್ತಿ ನೋಡುವ ಅಧಿಕಾರಿಗಳು, ಇವರೆಲ್ಲರೂ ತಮ್ಮ ಗುರುತುಗಳನ್ನು ಅಲ್ಲಿ ಬಿಡುತ್ತಾರೆ. ಅಲ್ಲಿದ್ದ ಗುರುತುಗಳನ್ನು ತಮ್ಮ ಪಾದಗಳಿಗಂಟಿಸಿಕೊಂಡು ಹೋಗುತ್ತಾರೆ. ಹಾಗೆ ತುಳಿದು ಹಾಳುಗೆಡವಿದ ಸಾಕ್ಷ್ಯವನ್ನು ಯಾವ ಪ್ರಯೋಗಾಲಯವೂ ಮರಳಿ ಸೃಷ್ಟಿಸಲಾರದು. ಠಾಣೆಯ ಪೇದೆಯು ಮೊದಲ ಅರ್ಧ ಗಂಟೆಯಲ್ಲಿ ಬಾಗಿಲಿಗೆ ಅಡ್ಡಹಗ್ಗ ಕಟ್ಟಿ, ಒಳಹೊಕ್ಕವರ ಹೆಸರನ್ನೂ ವೇಳೆಯನ್ನೂ ಬರೆದುಕೊಂಡನೋ ಇಲ್ಲವೋ ಎಂಬುದರ ಮೇಲೆಯೇ ಎಷ್ಟೋ ಪ್ರಕರಣಗಳ ಅಳಿವು ಉಳಿವು ನಿಂತಿರುತ್ತದೆ.

ಸಂಗ್ರಹದಲ್ಲಿ ಬೇಕಾದ ಎಚ್ಚರವೂ ಅಷ್ಟೇ ಸೂಕ್ಷ್ಮವಾದುದು. ರಕ್ತದಲ್ಲಿ ನೆನೆದ ಅಂಗಿಯನ್ನು ಹಸಿಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ, ತೇವದಲ್ಲಿ ಬೂಷ್ಟು ಮತ್ತು ಸೂಕ್ಷ್ಮಜೀವಿಗಳು ಬೆಳೆದು ಡಿಎನ್‌ಎ ಕೆಟ್ಟುಹೋಗುತ್ತದೆ. ಅದನ್ನು ನೆರಳಿನಲ್ಲಿ ಗಾಳಿಗೆ ಒಣಗಿಸಿ ಕಾಗದದಲ್ಲಿ ಸುತ್ತಬೇಕು. ವಿಷಪ್ರಾಶನದ ಸಂಶಯವಿದ್ದಲ್ಲಿ ಶವಪರೀಕ್ಷೆಯ ವೈದ್ಯನು ಜಠರವನ್ನೂ ಅದರೊಳಗಿನ ಆಹಾರವನ್ನೂ, ಕರುಳು, ಯಕೃತ್ತು, ಮೂತ್ರಪಿಂಡಗಳ ಭಾಗಗಳನ್ನೂ ಜಾಡಿಗಳಲ್ಲಿಟ್ಟು, ಸಾಮಾನ್ಯವಾಗಿ ಇನ್ನು ಕರಗದಷ್ಟು ಉಪ್ಪು ಬೆರೆಸಿದ ನೀರನ್ನು ಅವುಗಳ ಮೇಲೆ ಸುರಿಯುತ್ತಾನೆ. ತಿಳಿಯದೆ ಫಾರ್ಮಲಿನ್ ಸುರಿದರೆ ಅಂಗಾಂಶವು ಗಟ್ಟಿಕಟ್ಟಿ ವಿಷವನ್ನು ಬೇರ್ಪಡಿಸುವುದೇ ಕಷ್ಟವಾಗುತ್ತದೆ. ಬಳಸಿದ ಉಪ್ಪುನೀರಿನಲ್ಲಿಯೇ ದೋಷವಿರಲಿಲ್ಲವೆಂದು ತೋರಿಸುವುದಕ್ಕಾಗಿ ಅದರ ಮಾದರಿಯನ್ನು ಬೇರೆ ಸೀಸೆಯಲ್ಲಿ ಕಳುಹಿಸಬೇಕು. ಜಾಡಿಯ ಬಾಯಿಗೆ ಅರಗಿನ ಮೊಹರು, ಆ ಮೊಹರಿನ ಮಾದರಿ ಪ್ರತ್ಯೇಕವಾಗಿ, ಪಂಚರ ಸಮಕ್ಷಮದಲ್ಲಿ ಬರೆದ ಮಹಜರಿನಲ್ಲಿ ಪ್ರತಿಯೊಂದರ ವಿವರ, ಠಾಣೆಯಿಂದ ಪ್ರಯೋಗಾಲಯದವರೆಗೆ ಯಾರ ಕೈಯಿಂದ ಯಾರ ಕೈಗೆ ಎಂದು ಹೋಯಿತೆಂಬ ದಾಖಲೆ, ಇವೆಲ್ಲವೂ ಕಾಗದದ ಕಿರುಕುಳವೆಂದು ಕಾಣಬಹುದು. ಆದರೆ ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ, ಪರೀಕ್ಷೆಗೊಳಗಾದ ವಸ್ತುವು ಅಂದು ಸಿಕ್ಕ ವಸ್ತುವೇ ಎಂದು ನ್ಯಾಯಾಧೀಶರು ನಂಬಲು ಆಧಾರವಿರುವುದಿಲ್ಲ. ಆಗ ಅಪರಾಧಿಯು ಖುಲಾಸೆಯಾದರೆ ನ್ಯಾಯಾಲಯವನ್ನು ದೂರುವುದು ಸಲ್ಲದು.

ಅಪರಾಧಿಯನ್ನು ಹಿಡಿಯುವುದೇ ಈ ವಿದ್ಯೆಯ ಏಕೈಕ ಪ್ರಯೋಜನವೆಂದು ತಿಳಿದವರು ಇಂಗ್ಲೆಂಡಿನ ಲೆಸ್ಟರ್ ಪ್ರಾಂತದಲ್ಲಿ ನಡೆದುದನ್ನು ನೆನೆಯಬೇಕು. ಅಲ್ಲಿ 1983ರಲ್ಲಿ ಒಬ್ಬಳು, 1986ರಲ್ಲಿ ಇನ್ನೊಬ್ಬಳು, ಹದಿನೈದು ವರ್ಷದ ಇಬ್ಬರು ಹುಡುಗಿಯರು ಅತ್ಯಾಚಾರಕ್ಕೀಡಾಗಿ ಕೊಲೆಯಾದರು. ಹದಿನೇಳರ ತರುಣನೊಬ್ಬನು ಎರಡನೆಯ ಕೊಲೆಯನ್ನು ತಾನೇ ಮಾಡಿದೆನೆಂದು ಪೊಲೀಸರ ಮುಂದೆ ಒಪ್ಪಿಕೊಂಡನು. ಲೆಸ್ಟರ್ ವಿಶ್ವವಿದ್ಯಾನಿಲಯದ ಅಲೆಕ್ ಜೆಫ್ರೀಸ್ 1984ರಲ್ಲಿ ಕಂಡುಹಿಡಿದಿದ್ದ ಡಿಎನ್‌ಎ ಪರೀಕ್ಷೆಯನ್ನು ಪ್ರಯೋಗಿಸಿ ನೋಡಿದಾಗ, ಎರಡೂ ಕೃತ್ಯಗಳನ್ನೆಸಗಿದವನು ಒಬ್ಬನೇ ಎಂಬುದೂ, ಅವನು ಆ ತರುಣನಲ್ಲವೆಂಬುದೂ ನಿಸ್ಸಂಶಯವಾಗಿ ತಿಳಿದುಬಂದಿತು. ನಿಜವಾದ ಅಪರಾಧಿಯು ಸಿಕ್ಕಿ, ಅವನಿಗೆ ಶಿಕ್ಷೆಯಾದದ್ದು 1988ರಲ್ಲಿ. ಕೊಲೆಯ ತನಿಖೆಯಲ್ಲಿ ಈ ಪರೀಕ್ಷೆಯು ಮಾಡಿದ ಮೊತ್ತಮೊದಲನೆಯ ಕಾರ್ಯವು ನಿರಪರಾಧಿಯೊಬ್ಬನನ್ನು ಅವನ ಸ್ವಂತ ತಪ್ಪೊಪ್ಪಿಗೆಯಿಂದಲೇ ಪಾರುಮಾಡಿದ್ದು! ಪೊಲೀಸರ ಮುಂದೆ ಆಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಎಣಿಸಕೂಡದೆಂದು 1872ರ ನಮ್ಮ ಸಾಕ್ಷ್ಯ ಕಾಯಿದೆಯು ವಿಧಿಸಿದ್ದುದರಲ್ಲಿಯೂ, ಅದರ ಸ್ಥಾನದಲ್ಲಿ ಬಂದಿರುವ ಹೊಸ ಅಧಿನಿಯಮವು ಆ ವಿಧಿಯನ್ನು ಉಳಿಸಿಕೊಂಡಿರುವುದರಲ್ಲಿಯೂ ಎಷ್ಟು ವಿವೇಕವಿದೆಯೆಂಬುದು ಇದರಿಂದ ವ್ಯಕ್ತವಾಗುತ್ತದೆ.

ವಿಜ್ಞಾನದ ವೇಷವನ್ನು ತೊಟ್ಟು ಅದೇ ತಪ್ಪೊಪ್ಪಿಗೆಯು ಹಿಂಬಾಗಿಲಿನಿಂದ ಪ್ರವೇಶಿಸುವ ಅಪಾಯವೂ ಉಂಟು. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರು ಮಂಪರು ಪರೀಕ್ಷೆಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಔಷಧವನ್ನು ಚುಚ್ಚಿ, ಅರೆಪ್ರಜ್ಞೆಯಲ್ಲಿರುವವನ ಬಾಯಿಂದ ಹೊರಟ ಮಾತುಗಳನ್ನು ದೂರದರ್ಶನ ವಾಹಿನಿಗಳು ಪರಮಸತ್ಯವೆಂಬಂತೆ ಬಿತ್ತರಿಸಿದವು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ, 2010ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯವು, ವ್ಯಕ್ತಿಯ ಸಮ್ಮತಿಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮೆದುಳಿನ ನಕ್ಷೆ ಪರೀಕ್ಷೆಗಳನ್ನು ನಡೆಸುವುದು ಸಂವಿಧಾನಕ್ಕೆ ವಿರುದ್ಧವೆಂದು ಸಾರಿತು. ದೇಹದಿಂದ ರಕ್ತದ ಹನಿಯನ್ನು ಪಡೆಯುವುದು ಬೇರೆ, ಮನಸ್ಸನ್ನು ಬಲಾತ್ಕಾರದಿಂದ ತೆರೆಯುವುದು ಬೇರೆ. ಇವೆರಡರ ನಡುವಣ ಗಡಿಯನ್ನು ಆ ತೀರ್ಪು ಸ್ಪಷ್ಟವಾಗಿ ಗುರುತಿಸಿತು. ಅದು ನಮ್ಮ ರಾಜ್ಯದ ಹೆಸರನ್ನು ಹೊತ್ತಿರುವುದರಿಂದ, ಅದನ್ನು ಮರೆಯದಿರುವ ಹೊಣೆ ನಮ್ಮ ಮೇಲೆ ಹೆಚ್ಚಾಗಿದೆ.

ನಿಜವಾದ ವಿಜ್ಞಾನವೂ ಸ್ಖಾಲಿತ್ಯಕ್ಕೆ ಅತೀತವಲ್ಲ. 2004ರಲ್ಲಿ ಸ್ಪೇನಿನ ಮ್ಯಾಡ್ರಿಡ್ ನಗರದ ರೈಲುಗಳಲ್ಲಿ ಬಾಂಬುಗಳು ಸಿಡಿದಾಗ, ಅಲ್ಲಿ ಸಿಕ್ಕ ಬೆರಳಚ್ಚೊಂದು ಅಮೆರಿಕದ ಒರೆಗಾನ್ ರಾಜ್ಯದ ವಕೀಲನೊಬ್ಬನದೆಂದು ಎಫ್‌ಬಿಐ ತಜ್ಞರು ಖಚಿತವಾಗಿ ಹೇಳಿದರು. ಅವನನ್ನು ಬಂಧಿಸಿಯೂ ಆಯಿತು. ಸ್ಪೇನಿನ ಪೊಲೀಸರು ಅದು ಬೇರೊಬ್ಬನದೆಂದು ಕಂಡುಕೊಂಡಾಗ, ಲೋಕಪ್ರಸಿದ್ಧ ಸಂಸ್ಥೆಯೇ ಕ್ಷಮೆ ಕೇಳಬೇಕಾಯಿತು. ಐದು ವರ್ಷಗಳ ಅನಂತರ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು ಪ್ರಕಟಿಸಿದ ವರದಿಯು, ಡಿಎನ್‌ಎ ವಿಶ್ಲೇಷಣೆಯೊಂದನ್ನುಳಿದು ಬೇರೆ ಯಾವ ವಿಧಾನವೂ ಒಂದು ಕುರುಹನ್ನು ಒಬ್ಬನೇ ವ್ಯಕ್ತಿಗೆ ಖಚಿತವಾಗಿ ಜೋಡಿಸಬಲ್ಲುದೆಂದು ಕಟ್ಟುನಿಟ್ಟಾದ ಪರೀಕ್ಷೆಯಿಂದ ಸಿದ್ಧಪಟ್ಟಿಲ್ಲವೆಂದು ಎಚ್ಚರಿಸಿತು. ಪ್ರಯೋಗಾಲಯಗಳನ್ನು ಪೊಲೀಸರ ಆಡಳಿತದಿಂದ ಬೇರ್ಪಡಿಸಬೇಕೆಂದೂ ಸಲಹೆಯಿತ್ತಿತು. ತಜ್ಞನ ಅಭಿಪ್ರಾಯವು ಅಭಿಪ್ರಾಯವೇ ಹೊರತು ತೀರ್ಪಲ್ಲ. ತನಿಖಾಧಿಕಾರಿಯ ಗುಮಾನಿ ಯಾರ ಮೇಲೆಂಬುದನ್ನು ಮೊದಲೇ ಅರಿತ ಪರೀಕ್ಷಕನ ಕಣ್ಣು, ಅವನು ಎಷ್ಟೇ ಪ್ರಾಮಾಣಿಕನಾಗಿದ್ದರೂ, ಅತ್ತ ವಾಲುವುದು ಮನುಷ್ಯಸ್ವಭಾವ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಗೆ ಗುರಿಯಾಗುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಘಟನಾ ಸ್ಥಳಕ್ಕೆ ಹೋಗಿ ಸಾಕ್ಷ್ಯವನ್ನು ಸಂಗ್ರಹಿಸುವುದನ್ನೂ, ಆ ಕಾರ್ಯದ ವಿಡಿಯೋ ಚಿತ್ರೀಕರಣವನ್ನೂ ಕಡ್ಡಾಯಗೊಳಿಸಿದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಧಿಯನ್ನು ಕೊಟ್ಟಿದೆ. ಇದು ಸ್ವಾಗತಾರ್ಹವಾದ ವಿಧಿ. ನಮ್ಮಲ್ಲಿ ಬೆಂಗಳೂರಿನ ಮಡಿವಾಳದ ಪ್ರಯೋಗಾಲಯವಿದೆ. ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿಗಳಲ್ಲಿ ಪ್ರಾದೇಶಿಕ ಪ್ರಯೋಗಾಲಯಗಳಿವೆ. ಧಾರವಾಡಕ್ಕೆ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಶಾಖೆಯೂ ಬಂದಿದೆ. ಆದರೆ ಕಾಯಿದೆಯ ಅಕ್ಷರವು ಕಾರ್ಯವಾಗಬೇಕಾದರೆ ನಾಲ್ಕು ಸಂಗತಿಗಳು ನಡೆಯಬೇಕು. ಗ್ರಾಮಾಂತರ ಠಾಣೆಯ ಪೇದೆಗೂ ಸ್ಥಳರಕ್ಷಣೆಯ ಶಿಕ್ಷಣವು ಕನ್ನಡದಲ್ಲಿ, ಕೈಯಾರೆ ಮಾಡಿ ಕಲಿಯುವ ರೀತಿಯಲ್ಲಿ ದೊರೆಯಬೇಕು. ವಿಚಾರಣಾಧೀನ ಕೈದಿಯು ಸೆರೆಯಲ್ಲಿ ಕೊಳೆಯುತ್ತಿರುವಾಗ ಪ್ರಯೋಗಾಲಯದ ವರದಿಯು ತಿಂಗಳುಗಟ್ಟಲೆ ಕಪಾಟಿನಲ್ಲಿ ಕಾಯದಂತೆ, ಖಾಲಿ ಹುದ್ದೆಗಳನ್ನು ಭರ್ತಿಮಾಡಬೇಕು. ಗೃಹ ಇಲಾಖೆಯ ನೆರಳಿನಿಂದ ಪ್ರಯೋಗಾಲಯಗಳನ್ನು ಹೊರತಂದು ಸ್ವತಂತ್ರ ಸಂಸ್ಥೆಯೊಂದರ ಅಧೀನದಲ್ಲಿಡಬೇಕು. ಮತ್ತು ಬಡ ಆರೋಪಿಗೂ ಸರ್ಕಾರದ ಖರ್ಚಿನಲ್ಲಿ ತನ್ನ ಪರವಾಗಿ ಬೇರೊಬ್ಬ ತಜ್ಞನಿಂದ ಮರುಪರೀಕ್ಷೆ ಮಾಡಿಸಿಕೊಳ್ಳುವ ಹಕ್ಕು ಇರಬೇಕು. ಏಕೆಂದರೆ ಒಂದೇ ಪಕ್ಷದ ಕೈಯಲ್ಲಿರುವ ವಿಜ್ಞಾನವು ವಿಜ್ಞಾನವಾಗಿ ಉಳಿಯುವುದಿಲ್ಲ, ಆಯುಧವಾಗುತ್ತದೆ.

ಇವುಗಳಲ್ಲಿ ಯಾವುದೂ ಅಸಾಧ್ಯವಾದುದಲ್ಲ. ಯಾವುದೂ ಒಂದು ಹೊಸ ಕಟ್ಟಡದ ಉದ್ಘಾಟನೆಯಂತೆ ಕಣ್ಣಿಗೆ ಬೀಳತಕ್ಕದ್ದೂ ಅಲ್ಲ. ಆದಕಾರಣವೇ ಇವುಗಳಿಗಾಗಿ ಪ್ರಜೆಗಳು ಒತ್ತಾಯಿಸಬೇಕಾಗಿದೆ. ಮಗಳನ್ನು ಕಳೆದುಕೊಂಡ ತಾಯಿಗೂ, ಸುಳ್ಳು ಆರೋಪದಲ್ಲಿ ಸಿಲುಕಿದ ಮಗನ ತಾಯಿಗೂ ಸರ್ಕಾರವು ತೀರಿಸಬೇಕಾದ ಋಣವು ಒಂದೇ: ನಡೆದುದೇನೆಂಬುದನ್ನು ಶುದ್ಧವಾದ ಸಾಕ್ಷ್ಯದಿಂದ ನಿರ್ಣಯಿಸುವುದು. ಆ ಋಣವನ್ನು ತೀರಿಸಲು ಬೇಕಾದ ವಿದ್ಯೆ ನಮ್ಮ ಬಳಿ ಇದೆ. ಬೇಕಾಗಿರುವುದು ಅದಕ್ಕೆ ತಕ್ಕ ಶಿಸ್ತು, ಮತ್ತು ಅದರ ಉತ್ತರವು ನಮ್ಮ ಊಹೆಗೆ ವಿರುದ್ಧವಾಗಿ ಬಂದಾಗಲೂ ಅದನ್ನು ಒಪ್ಪಿಕೊಳ್ಳುವ ಧೈರ್ಯ.